ಡಬಡಬ ಗಾಡಿಯ ವಿಚಾರ, ಅಣ್ಣನಿಗೆ

ಅಣ್ಣಾ,

ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ನಿಮ್ಮ ಫೋನ್ ಬರುವ ಹೊತ್ತು. ಏಪ್ರಿಲ್‌ನಿಂದ ಬಂದಿಲ್ಲ, ಇನ್ನು ಬರುವುದೂ ಇಲ್ಲ, ಆದರೂ ಈ ಹೊತ್ತಿಗೆ ಕಾಫಿ ಲೋಟ ಹಿಡಿದು ಊಟದ ಮೇಜಿನ ಮುಂದೆ ಕೂರುವ ಅಭ್ಯಾಸ ಹೋಗಿಲ್ಲ. ಇವತ್ತು ಫೋನಿನ ಬದಲು ಕಾಗದ ಪೆನ್ನು ಹಿಡಿದಿದ್ದೇನೆ. ಹೆತ್ತ ತಂದೆಯನ್ನು ಅಣ್ಣ ಎಂದು ಕರೆಯುತ್ತಿದ್ದೆ ಎಂದರೆ ಇಲ್ಲಿ ನ್ಯೂಜೆರ್ಸಿಯ ಕನ್ನಡದವರೇ ಕೆಲವರು ನಗುತ್ತಾರೆ. ನಗಲಿ ಬಿಡಿ. ನಿಮ್ಮ ಮೇಲೆ ಬಂದಿರುವ ಸಿಟ್ಟಿನಲ್ಲಿ ನಿಮ್ಮನ್ನು ಬೇರೆ ಯಾವ ಹೆಸರಿನಿಂದ ಕರೆದರೂ ನನಗೆ ಸಮಾಧಾನ ಇಲ್ಲ.

ಹೌದು, ಸಿಟ್ಟು. ಹೋದವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾಳೆ ಅಮ್ಮ. ಹಾಗಾದರೆ ಈ ಮೂರು ವಾರ ನಾನು ಪಟ್ಟ ಪಾಡನ್ನು ಯಾರ ತಲೆಗೆ ಕಟ್ಟಲಿ? ಮೂವತ್ತು ವರ್ಷ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿದ ಮೇಷ್ಟ್ರು ನೀವು. ಮಗಳಿಗೆ ಒಂದೇ ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ಬಾಯಿ ಬಿಟ್ಟು ಹೇಳಿದ್ದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಮೂರು ವಾರದ ಹಿಂದೆ ಇಂಚರ ಸ್ಕೂಲ್ ಬಸ್ಸಿನಿಂದ ಇಳಿದವಳೇ, ಬ್ಯಾಗನ್ನು ಮನೆ ಮುಂದಿನ ಡ್ರೈವ್‌ವೇಯಲ್ಲೇ ಬಿಸಾಕಿ ಓಡಿ ಬಂದಳು. ನಿಮ್ಮ ಮೊಮ್ಮಗಳಿಗೆ ಈಗ ಎಂಟು ವರ್ಷ, ಮುಂದಿನ ಎರಡು ಹಲ್ಲು ಬಂದು ಮೊಲದ ಹಾಗೆ ಕಾಣುತ್ತಾಳೆ. ಹ್ಯಾಲೋವೀನ್ ಬಂದರೆ ಇವಳ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಹ್ಯಾಲೋವೀನ್ ಏನೆಂದು ನಿಮಗೆ ಗೊತ್ತು. ಇಂಚರ ಕೈಕೂಸಾಗಿದ್ದ ವರ್ಷ, ನಾವಿನ್ನೂ ಹ್ಯಾರಿಸನ್‌ನ ಅಪಾರ್ಟ್‌ಮೆಂಟಿನಲ್ಲಿದ್ದಾಗ ನೀವು ಬಂದಿದ್ದಿರಿ, ಬಾಗಿಲಿಗೆ ಬಂದು ನಿಂತ ಅಸ್ಥಿಪಂಜರದ ಕೈಗೆ ಚಾಕೊಲೇಟ್ ಹಾಕಿ "ಒಳಗೆ ಬಾರಪ್ಪ, ನೀರು ಕುಡೀತೀಯಾ?" ಎಂದು ಕನ್ನಡದಲ್ಲೇ ಉಪಚಾರ ಮಾಡಿದ್ದಿರಿ. ಮಕ್ಕಳು ವೇಷ ಹಾಕಿ ಮನೆಮನೆಗೆ ಬರುವ ಅದೇ ಹಬ್ಬ.

"ಅಮ್ಮಾ, ಐ ನೋ ವಾಟ್ ಐ ವಾಂಟ್ ಟು ಬಿ!"

"ಏನಾಗ್ತೀಯಮ್ಮಾ? ಹೋದ ವರ್ಷದ ಚಿಟ್ಟೆ ರೆಕ್ಕೆ ಹಾಗೇ ಇದೆ ನೋಡು, ಒಗೆದು ಇಟ್ಟಿದೀನಿ."

"ನೋ. ತಾತನ ಡಬಡಬ ಗಾಡಿ."

ನನ್ನ ಕೈಯಲ್ಲಿದ್ದ ಸೌಟು ಸಾರಿನೊಳಗೆ ಬಿತ್ತು. ಗಾಡಿಯನ್ನು ಎಳೆಯುವ ಹುಡುಗಿ ಆಗುತ್ತೀಯಾ ಎಂದು ಕೇಳಿದೆ. ಅಲ್ಲವಂತೆ. ಇವಳೇ ಗಾಡಿಯಂತೆ. ಇವಳು ನಡೆದರೆ ಚಕ್ರ ತಿರುಗಬೇಕಂತೆ, ಕೋಲು ತಾನಾಗಿ ಬಡಿಯಬೇಕಂತೆ, ಶಬ್ದ ಮುಂದಿನ ಬೀದಿಗೆ ಕೇಳಬೇಕಂತೆ.

ನನಗೆ ಆರು ವರ್ಷವಿದ್ದಾಗ ದಸರಾ ದಿನಗಳಲ್ಲಿ ನಮ್ಮ ಬೀದಿಗೆ ಆಟಿಕೆ ಮಾರುವವನು ಬರುತ್ತಿದ್ದುದು ನಿಮಗೆ ನೆನಪಿರಬೇಕು. ಅವನ ಬಳಿ ಇದ್ದದ್ದು ಮಣ್ಣಿನ ಪುಟ್ಟ ಬಟ್ಟಲಿಗೆ ಕಾಗದ ಅಂಟಿಸಿ, ಎರಡು ಚಕ್ರ, ಎರಡು ಬಿದಿರಿನ ಕಡ್ಡಿ ಕಟ್ಟಿದ ಗಾಡಿ. ದಾರ ಹಿಡಿದು ಎಳೆದರೆ ಡಬಡಬ ಎನ್ನುವುದು. ಹಟ ಮಾಡಿ ಕೊಡಿಸಿಕೊಂಡೆ, ಮರುದಿನ ತುಂತುರು ಮಳೆಗೆ ಕಾಗದ ಜೋಲುಬಿದ್ದು ಗಾಡಿ ಮೂಕವಾಯಿತು. ಅತ್ತುಬಿಟ್ಟೆ. ಇನ್ನೊಂದು ಕೊಡಿಸುವ ಅಪ್ಪ ನೀವಲ್ಲ. ನಾಲ್ಕು ಭಾನುವಾರ ಹಿತ್ತಿಲಲ್ಲಿ ಕೂತು, ಹಾಲಿನ ಪುಡಿ ಡಬ್ಬ, ಲೇತ್‌ನಲ್ಲಿ ಕಡೆದ ಮರದ ಚಕ್ರ, ಎಲ್ಲಿಂದಲೋ ತಂದ ಕಪ್ಪು ಹಾಳೆ ಸೇರಿಸಿ ಹೊಸ ಗಾಡಿ ಮಾಡಿಕೊಟ್ಟಿರಿ. ಕೆಂಪು ಚಕ್ರ, ಹಳದಿ ಡಬ್ಬ. ಅದು ಮೂವತ್ತು ವರ್ಷ ಬಾಳಿತು.

ಆ ನಾಲ್ಕು ಭಾನುವಾರವೂ ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ. ಈ ಕೋಲು ಯಾಕೆ ವಾಪಸ್ ಬರುತ್ತೆ ಅಣ್ಣಾ ಎಂದರೆ "ನೀನೇ ನೋಡು." ಈ ಹಾಳೆ ಯಾವುದು ಎಂದರೆ "ನೀನೇ ನೋಡು." ಕೋಪ ಮಾಡಿಕೊಂಡು ಎದ್ದು ಹೋದರೆ ಕರೆಯುತ್ತಲೂ ಇರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವವರಾದರೂ ದೀಪ ಅಂತ ಒಂದನ್ನು ಇಡುತ್ತಾರೆ. ನೀವು ಅದನ್ನೂ ಇಡಲಿಲ್ಲ.

ಇಂಚರಳಿಗೆ ಐದು ವರ್ಷವಾಗಿದ್ದಾಗ ಮೈಸೂರಿಗೆ ಬಂದಿದ್ದೆವು. ಆ ಗಾಡಿಯನ್ನು ಅಟ್ಟದಿಂದ ಇಳಿಸಿ, ಒರೆಸಿ, ಎಣ್ಣೆ ಬಿಟ್ಟು ಅವಳ ಕೈಗೆ ಕೊಟ್ಟಿರಿ. ಒಂದು ತಿಂಗಳು ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಹೊರಡುವ ದಿನ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ನೀವೇ ಇಟ್ಟಿರಿ. ಈಗ ನಾನು ಬರೆಯಬೇಕಾದದ್ದನ್ನು ಬರೆಯಲು ಮೂರು ಸಲ ಪೆನ್ನು ಕೆಳಗಿಟ್ಟು ಎದ್ದು ಹೋಗಿ ಬಂದೆ. ಒಮ್ಮೆ ಕಾಫಿ ಬಿಸಿ ಮಾಡಲು, ಒಮ್ಮೆ ಸುಮ್ಮನೆ, ಒಮ್ಮೆ...

ಆ ಗಾಡಿ ಅಮೆರಿಕಕ್ಕೆ ಬರಲೇ ಇಲ್ಲ ಅಣ್ಣಾ.

ಬೆಂಗಳೂರಿನ ಏರ್‌ಪೋರ್ಟಿನಲ್ಲಿ ನೀವೂ ಅಮ್ಮನೂ ಹೊರಗೆ ಗಾಜಿನ ಆಚೆ ಕೈ ಬೀಸುತ್ತ ನಿಂತಿದ್ದಿರಿ. ಒಳಗೆ ಕೌಂಟರಿನಲ್ಲಿ ಸೂಟ್‌ಕೇಸ್ ತೂಕ ಹೆಚ್ಚು ಬಂತು, ಒಂದೂವರೆ ಕೆಜಿ ತೆಗೆಯಿರಿ ಎಂದರು. ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ ಕೂತೆ. ಒಂದು ಕಡೆ ಅಮ್ಮನ ಹುಳಿಪುಡಿ, ಚಟ್ನಿಪುಡಿ. ಇನ್ನೊಂದು ಕಡೆ ಪಂಚೆ ಸುತ್ತಿದ ಗಾಡಿ. ಇಂಚರ ನಿಮ್ಮ ಅಳಿಯ ಹರೀಶನ ಹೆಗಲ ಮೇಲೆ ನಿದ್ದೆ ಹೋಗಿದ್ದಳು, ಅವನ ಇನ್ನೊಂದು ಕೈಯಲ್ಲಿ ಪಾಸ್‌ಪೋರ್ಟು, ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು. ಪುಡಿ ಮುಟ್ಟಿತಾ ಎಂದು ಅಮ್ಮ ಕೇಳೇ ಕೇಳುತ್ತಾಳೆ, ಆಟಿಕೆಯನ್ನು ಯಾರು ಕೇಳುತ್ತಾರೆ ಎಂದುಕೊಂಡೆ. ಗಾಡಿಯನ್ನು ಕಂಬದ ಪಕ್ಕದ ಕುರ್ಚಿಯ ಮೇಲಿಟ್ಟೆ. ಹೊರಗೆ ಬಂದು ನಿಮ್ಮ ಕೈಗೇ ಕೊಡಬಹುದಿತ್ತು. ಸೆಕ್ಯುರಿಟಿಯವರು ಬಿಡುತ್ತಿದ್ದರೋ ಇಲ್ಲವೋ, ನಾನು ಕೇಳಲೇ ಇಲ್ಲ. ನಿಮ್ಮ ಮುಖ ನೋಡಬೇಕಾಗುತ್ತಿತ್ತಲ್ಲ.

ಐದೇ ನಿಮಿಷಕ್ಕೆ ನಿಮ್ಮ ಫೋನ್. "ಗಾಡಿ ಮೇಲ್ಗಡೆ ಇದೆ ತಾನೆ? ಅದರ ಮೇಲೆ ಭಾರ ಬೀಳಬಾರದು."

"ಮೇಲೇ ಇದೆ ಅಣ್ಣಾ."

ಆ ಹುಳಿಪುಡಿಯಲ್ಲಿ ಅರ್ಧ ಮುಗ್ಗಲು ಹಿಡಿದು ಎಸೆದೆ. ಅದನ್ನೂ ಹೇಳಿಬಿಡುತ್ತೇನೆ, ಹೇಗೂ ಶುರು ಮಾಡಿದ್ದೇನೆ.

ಪ್ರತಿ ಭಾನುವಾರ ನೀವು ಫೋನಿನಲ್ಲಿ ಕೇಳುತ್ತಿದ್ದುದು ನನ್ನ ಕೆಲಸವನ್ನಲ್ಲ, ಹರೀಶನ ಕಾಲುನೋವನ್ನಲ್ಲ. "ಗಾಡಿ ಓಡ್ತಿದೆಯಾ? ಕೋಲು ಸಡಿಲ ಆಗಿದ್ರೆ ಹೇಳು." ಓಡುತ್ತಿದೆ ಎಂದೆ. ಕ್ಯಾಮೆರಾ ಮುಂದೆ ಎಳೆಯಲಿ ನೋಡೋಣ ಎಂದಿರಿ. ಕೆಳಗಿನ ಮನೆಯವರು ಕಂಪ್ಲೇಂಟ್ ಮಾಡುತ್ತಾರೆ ಎಂದೆ. ಕಾರ್ಪೆಟ್ ಮೇಲೆ ಚಕ್ರ ತಿರುಗುವುದಿಲ್ಲ ಎಂದೆ. ಹೋದ ವರ್ಷ ಓಲ್ಡ್ ಬ್ರಿಡ್ಜ್ ಊರಿನಲ್ಲಿ ಈ ಮನೆ ತೆಗೆದುಕೊಂಡಾಗ ನೀವು ಮನೆ ಎಷ್ಟು ದೊಡ್ಡದು ಎಂದು ಕೇಳಲಿಲ್ಲ. "ಈಗ ಕೆಳಗೆ ಯಾರೂ ಇಲ್ವಲ್ಲ. ಎಳೀಲಿ" ಎಂದಿರಿ. ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ, ಗ್ಯಾರೇಜಿನಲ್ಲಿದೆ ಎಂದೆ. ನಿಮಗೆ ಅನುಮಾನ ಬರಲಿಲ್ಲವೇ? ಯಾವ ಮಿಷನ್ನಿನಲ್ಲಿ ಯಾವ ಬೋಲ್ಟು ಸಡಿಲವೆಂದು ಸದ್ದು ಕೇಳಿಯೇ ಹೇಳುವವರಿಗೆ ಮಗಳ ದನಿಯಲ್ಲಿ ಏನೂ ಕೇಳಿಸಲಿಲ್ಲವೇ?

ಇಂಚರಳಿಗೂ ಅದೇ ಸುಳ್ಳು ಹೇಳಿದ್ದೆ. ಗಾಡಿ ಗ್ಯಾರೇಜಿನಲ್ಲಿದೆ, ಪೆಟ್ಟಿಗೆಯಲ್ಲಿದೆ. ಸರಿ, ಕಾಸ್ಟ್ಯೂಮ್ ಮಾಡಬೇಕಲ್ಲ, ಅಸಲಿ ಗಾಡಿ ನೋಡಿಕೊಂಡು ಮಾಡೋಣ ಎಂದು ಅವಳು ಗ್ಯಾರೇಜಿಗೆ ಹೊರಟೇಬಿಟ್ಟಳು. ನನ್ನ ಮೂಗಿಗೆ ನಾನೇ ತುಪ್ಪ ಸವರಿಕೊಂಡು ಕೂತಿದ್ದೆ ಇಷ್ಟು ದಿನ. "ಪೆಟ್ಟಿಗೆ ಹಿಂದೆಲ್ಲೋ ಇದೆ ಪುಟ್ಟಿ, ಸಿಗಲ್ಲ ಬಿಡು, ನಂಗೆ ನೆನಪಿದೆ, ನಾನೇ ಮಾಡ್ತೀನಿ" ಎಂದು ಎಳೆದುಕೊಂಡು ಬಂದೆ. ನೆನಪಿದೆಯಂತೆ! ನಲವತ್ತೊಂದು ವರ್ಷದ ಹೆಂಗಸು, ಕಂಪ್ಯೂಟರಿನಲ್ಲಿ ಬ್ಯಾಂಕುಗಳ ವ್ಯವಹಾರ ನಡೆಸುವವಳು, ಹಾಲಿನ ಪುಡಿ ಡಬ್ಬದ ಗಾಡಿಯಲ್ಲಿ ಕೋಲು ಯಾಕೆ ವಾಪಸ್ ಬರುತ್ತದೆ ಎಂದು ಗೊತ್ತಿಲ್ಲ.

ಮೊದಲ ಶನಿವಾರ ಸಾಮಾನು ಕೂಡಿಸಿದೆ. ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಗೆ ಹೆಗಲಪಟ್ಟಿ ಹೊಲಿದು ಇಂಚರ ತೊಡುವ ಹಾಗೆ ಮಾಡಿದೆ. ಅವಳ ಹಳೆಯ ಸ್ಟ್ರಾಲರ್ ತಳ್ಳುಗಾಡಿಯ ಚಕ್ರ ಮತ್ತು ಅಚ್ಚನ್ನು ಹಿಂದೆ ನೆಲಕ್ಕೆ ತಾಗುವಂತೆ ಕಟ್ಟಿದೆ. ಆಫೀಸಿನಲ್ಲಿ ಕೊಟ್ಟಿದ್ದ ಪಾಪ್‌ಕಾರ್ನಿನ ದೊಡ್ಡ ತಗಡಿನ ಡಬ್ಬ ಡೋಲು. ಅಡುಗೆಮನೆಯ ಎರಡು ಮರದ ಸೌಟು ಕೋಲು. ಅಚ್ಚಿಗೆ ಅಡ್ಡಕಡ್ಡಿ ಸಿಗಿಸಿದೆ, ಚಕ್ರ ತಿರುಗಿದಾಗ ಅದು ಸೌಟಿನ ಬಾಲ ಒತ್ತುತ್ತದೆ, ತಲೆ ಮೇಲೇಳುತ್ತದೆ. ಅಲ್ಲಿಯವರೆಗೆ ಸರಿ. ಎದ್ದ ಸೌಟು ಎದ್ದೇ ಇರುತ್ತದೆ. ಬಂದು ಬಡಿಯುವುದೇ ಇಲ್ಲ. ರಬ್ಬರ್ ಬ್ಯಾಂಡ್ ಕಟ್ಟಿದೆ, ಹತ್ತು ಹೆಜ್ಜೆಗೆ ಕಿತ್ತುಹೋಯಿತು. ದಪ್ಪನೆಯದು ಕಟ್ಟಿದೆ, ಚಕ್ರವೇ ತಿರುಗದೆ ಕೂತಿತು.

ಒಂದು ಸಂಜೆ ಹರೀಶ ನ್ಯೂಯಾರ್ಕಿನ ಆಫೀಸಿನಿಂದ ಬಸ್ಸಿಳಿದು ಬಂದವನು ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡಿದ. ಅವನ ಹೊಟ್ಟೆಯೊಳಗಿನ ನಗು ಕಣ್ಣಿಗೆ ಬಂದಿತ್ತು. "ಸುಮಾ, ಆನ್‌ಲೈನಲ್ಲಿ ಒಂದು ಆಸ್ಟ್ರೋನಾಟ್ ಡ್ರೆಸ್ ಆರ್ಡರ್ ಮಾಡಿದ್ರೆ ನಾಳೆ ಬರುತ್ತೆ. ಇಷ್ಟೆಲ್ಲ ಯಾಕೆ ಸ್ಟ್ರೆಸ್ ಮಾಡ್ಕೊಳ್ತೀಯಾ?" ನನ್ನ ಕೈಯಲ್ಲಿ ಸುತ್ತಿಗೆ ಇತ್ತು ಎಂಬುದನ್ನು ಗಮನಿಸಿ ಒಳಗೆ ಹೋದ.

ನಿಮ್ಮನ್ನು ಫ್ಲಶಿಂಗ್‌ನ ಗಣಪತಿ ದೇವಸ್ಥಾನಕ್ಕೆ ಕರೆದುಕೊಂಡು ಹೋದ ದಿನ ನೆನಪಾಯಿತು ಆಗ. ಕ್ಯಾಂಟೀನಿನ ದೋಸೆ ಮುಗಿದುಹೋಗುತ್ತದೆ ಬನ್ನಿ ಎಂದು ನಾನು ಬಡಕೊಳ್ಳುತ್ತಿದ್ದರೆ, ನೀವು ಇನ್ನೂ ಸಬ್‌ವೇ ರೈಲು ಸ್ಟೇಷನ್ನಿನ ತಿರುಗುವ ಗೇಟಿನಲ್ಲಿ ಸಿಕ್ಕಿಬಿದ್ದಿದ್ದಿರಿ. ಸಿಕ್ಕಿಬಿದ್ದಿದ್ದು ಗೇಟಿನಿಂದಲ್ಲ, ನಿಮ್ಮ ಚಟದಿಂದ. ಅದರ ಕಂಬಿಯನ್ನು ಹಿಂದೆ ತಳ್ಳಿ ನೋಡುತ್ತೀರಿ, ಮುಂದೆ ತಳ್ಳಿ ನೋಡುತ್ತೀರಿ, ಬಗ್ಗಿ ಕಿವಿಗೊಡುತ್ತೀರಿ. ಹಿಂದೆ ನಿಂತವರ ಬೈಗುಳ ನನಗೆ ಅರ್ಥವಾಗುತ್ತಿತ್ತು, ನಿಮಗಲ್ಲ. ಏನು ನೋಡ್ತಿದೀರಾ ಅಣ್ಣಾ ಎಂದು ಹಲ್ಲು ಕಚ್ಚಿ ಕೇಳಿದ್ದಕ್ಕೆ ಏನೆಂದಿರಿ? "ನೀನೇ ನೋಡು." ಆ ದಿನ ನಾಚಿಕೆಯಿಂದ ನೆಲ ನೋಡಿಕೊಂಡು ನಿಂತೆ. ನಿಮ್ಮ ಪಕ್ಕ ಬಗ್ಗಿ ಒಂದು ಸಲ ನೋಡಿದ್ದಿದ್ದರೆ ಏನಾಗುತ್ತಿತ್ತು ನನಗೆ?

ಎರಡನೆಯ ಭಾನುವಾರ ಆಗಬೇಕಾದದ್ದು ಆಯಿತು. ಚರಂಡಿ ಕಟ್ಟಿತೆಂದು ನಾನು ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಇಂಚರ ಗ್ಯಾರೇಜಿನ ಅಷ್ಟೂ ಪೆಟ್ಟಿಗೆ ಬಿಚ್ಚಿದ್ದಳು. ಹರಡಿದ ಕಂಬಳಿ, ಹಳೆಯ ಪಾತ್ರೆಗಳ ನಡುವೆ ಕೂತು, "ಇಟ್ಸ್ ನಾಟ್ ಹಿಯರ್" ಎಂದಳು. ಇನ್ನು ಎಲ್ಲಿಗೆ ಓಡಲಿ? ಹೇಳಿದೆ. ಏರ್‌ಪೋರ್ಟು, ತೂಕ, ಕಂಬ, ಕುರ್ಚಿ. ಎಲ್ಲ.

ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಹುಡುಗರು ಕಬ್ಬಿಣದ ಅಂಚನ್ನು ಅರದಿಂದ ಸರಿಯಾಗಿ ಉಜ್ಜದಿದ್ದಾಗ ನಿಮ್ಮ ಹುಬ್ಬು ಹೇಗೆ ಸೇರುತ್ತಿತ್ತೋ ಹಾಗೇ ಸೇರಿಸಿ ನನ್ನನ್ನೇ ನೋಡಿದಳು.

"ತಾತಂಗೆ ಗೊತ್ತಾ?"

"ಇಲ್ಲ."

"ಸೋ ಹಿ ಡೈಡ್ ಅಂಡ್ ಹಿ ಡಿಡಂಟ್ ನೋ?"

ಅವಳು ಕಂಬಳಿ ದಾಟಿ ಎದ್ದು ಹೋದಳು. ನನಗೆ ಗಾಡಿ ಬೇಡ, ಹ್ಯಾಲೋವೀನೂ ಬೇಡ ಎಂದು ಮೆಟ್ಟಿಲ ಮೇಲಿನಿಂದ ಕೂಗಿದಳು. ಮೂರು ದಿನ ನನ್ನ ಜೊತೆ ಮಾತಿಲ್ಲ. ಬೇಕಾದ್ದನ್ನೆಲ್ಲ ಹರೀಶನ ಮೂಲಕ ಕೇಳುತ್ತಿದ್ದಳು, ನಾನು ಎದುರಿಗೇ ನಿಂತಿದ್ದರೂ.

ಅವಳು ಬೇಡವೆಂದ ಮೇಲೆ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಸೋಮವಾರ ಆಫೀಸಿನ ಮೀಟಿಂಗ್ ಮುಗಿಯುತ್ತಿದ್ದ ಹಾಗೆ ಗ್ಯಾರೇಜಿಗೆ ಹೋದೆ. ಹಟ ಎನ್ನಿ, ನಿಮ್ಮ ಬಳುವಳಿ. ರಬ್ಬರ್ ಬ್ಯಾಂಡ್ ಮತ್ತೊಮ್ಮೆ ಕಿತ್ತು ತೋರುಬೆರಳಿಗೆ ಚಟೀರೆಂದು ಬಡಿಯಿತು. ಬೆರಳು ಬಾಯಿಗಿಟ್ಟುಕೊಂಡು ನಿಂತವಳಿಗೆ ನೆನಪಾಯಿತು, ಇದೇ ಬೆರಳು. ಆರು ವರ್ಷದವಳಿದ್ದಾಗ ಗಾಡಿಯ ಕೋಲನ್ನು ಎತ್ತಿ ಎತ್ತಿ ಬಿಡುತ್ತಿದ್ದೆ, ಒಂದು ಸಲ ಬೆರಳು ಸಿಕ್ಕಿಕೊಂಡು ಬಿಡಿಸಲು ಬಾರದೆ ಕಿರುಚಿದ್ದೆ. ಸಿಕ್ಕಿಕೊಂಡಿದ್ದು ದಾರದೊಳಗೆ. ಹುರಿ ಮಾಡಿದ ದಾರ! ಎರಡು ಕಡೆ ಕಟ್ಟಿದ ಜೋಡಿ ದಾರದ ಮಧ್ಯೆ ಕೋಲು ತೂರಿಸಿ ತಿರುವಿದರೆ, ಕೋಲು ಎಷ್ಟು ಸಲ ಎದ್ದರೂ ದಾರ ಅದನ್ನು ಹಿಂದಕ್ಕೆ ಎಳೆದು ಬಡಿಸುತ್ತದೆ. ಬಟ್ಟೆ ಒಣಹಾಕುವ ಹಗ್ಗ ತಂದು ತಿರುವಿದೆ. ಸೌಟು ಎದ್ದಿತು, ಬಿತ್ತು. ಎದ್ದಿತು, ಬಿತ್ತು. ಒಬ್ಬಳೇ ನಗುತ್ತ ನಿಂತಿದ್ದೆ ಅಣ್ಣಾ, ಹುಚ್ಚಿಯ ಹಾಗೆ. ನೀವು ಹೇಳಿಕೊಟ್ಟಿದ್ದರೆ ಮೂವತ್ತೈದು ವರ್ಷದ ಮೇಲೆ ಇದು ನೆನಪಿರುತ್ತಿತ್ತೇ? ಈ ಪ್ರಶ್ನೆಗೆ ಉತ್ತರ ಬೇಡ. ನಾನಿನ್ನೂ ಸಿಟ್ಟಿನಲ್ಲೇ ಇದ್ದೇನೆ.

ಯಾಕೆಂದರೆ ಸದ್ದು ಬರಲಿಲ್ಲ. ಡಬ್ಬದ ಬಾಯಿಗೆ ಬೇಕಿಂಗ್ ಕಾಗದ ಬಿಗಿದೆ, ನಾಲ್ಕೇ ಪೆಟ್ಟಿಗೆ ಹರಿಯಿತು. ಪ್ಯಾಕಿಂಗ್ ಟೇಪು ಅಡ್ಡಡ್ಡ ಅಂಟಿಸಿದೆ, ಹಿಟ್ಟಿನ ಮುದ್ದೆಗೆ ಬಡಿದ ಹಾಗೆ ದಪ್ ದಪ್ ಎಂದಿತು. ಮಂಗಳವಾರ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ಅವಳು ಈಗ ಕುವೆಂಪುನಗರದಲ್ಲಿ ಚಿಕ್ಕಮ್ಮನ ಜೊತೆ ಇದ್ದಾಳೆ, ಇಬ್ಬರೂ ಸೇರಿ ಟಿವಿಯನ್ನು ಬೈಯುತ್ತ ಚೆನ್ನಾಗಿದ್ದಾರೆ.

"ಅಮ್ಮಾ, ಡಬಡಬ ಗಾಡಿಗೆ ಅಣ್ಣ ಕಪ್ಪು ಹಾಳೆ ಹಾಕಿದ್ರಲ್ಲ, ಅದೇನು?"

"ನಿಮ್ಮಣ್ಣ ಯಾವುದನ್ನ ನಂಗೆ ಹೇಳಿ ಮಾಡಿದಾರೆ? ಅಯ್ಯೋ, ಇರು ಇರು. ನೀನು ಜಾರುಬಂಡೆಯಿಂದ ಬಿದ್ದು ಕೈ ಮುರ್ಕೊಂಡಿರಲಿಲ್ವಾ? ಆ ಎಕ್ಸ್‌ರೇ. ಡಾಕ್ಟ್ರು ತನ್ನಿ ಅಂದ್ರು, ಮನೆಯೆಲ್ಲ ಹುಡುಕಿ ಸಾಕಾಯ್ತು. ನೋಡಿದ್ರೆ ಈ ಮನುಷ್ಯ ಡಬ್ಬದ ಬಾಯಿಗೆ ಬಿಗಿದು ಕೂತಿದಾರೆ! ಕೇಳಿದ್ರೆ, ಕೈ ಕೂಡ್ಕೊಂಡಾಯ್ತಲ್ಲ, ಇದು ಮಳೆಗೆ ಜೋಲುಬೀಳಲ್ಲ, ಇನ್ನೇನು ಬೇಕು ಅಂತ ನಂಗೇ ಕೇಳಿದ್ರು."

ಮೂವತ್ತು ವರ್ಷ ನಾನು ಎಳೆದಾಡಿದ್ದು ನನ್ನದೇ ಮುರಿದ ಮೂಳೆಯನ್ನು. ಇದನ್ನಾದರೂ ಹೇಳಬಾರದಿತ್ತೇ ನೀವು!

ಈ ದೇಶದಲ್ಲಿ ಎಕ್ಸ್‌ರೇ ಹಾಳೆ ಎಲ್ಲಿಂದ ತರಲಿ? ನಮ್ಮ ಬೀದಿಯ ಕೊನೆಯ ಮನೆಯ ನಸೀಮಾ ಆಂಟಿ ನಿಮಗೆ ಗೊತ್ತಿಲ್ಲ, ಅವರಿಗೆ ನೀವು ಗೊತ್ತು. ಬೆಂಗಳೂರಿನ ಶಿವಾಜಿನಗರದವರು, ಶ್ವಾಸಕೋಶದ ಡಾಕ್ಟರಾಗಿದ್ದು ಈಗ ರಿಟೈರ್ ಆಗಿದ್ದಾರೆ. ಅವರ ಬಾಗಿಲು ತಟ್ಟಿ, ಹಳೆಯ ಫಿಲ್ಮ್ ಒಂದಾದರೂ ಇದೆಯಾ ಎಂದು ಕೇಳಿದೆ.

"ಈಗೆಲ್ಲ ಕಂಪ್ಯೂಟರಲ್ಲೇ ಕಣಮ್ಮಾ. ನಾನು ಫಿಲ್ಮ್ ಕೈಯಲ್ಲಿ ಹಿಡಿದೇ ಎಷ್ಟೋ ವರ್ಷ ಆಗಿತ್ತು" ಎಂದರು. ಆಮೇಲೆ "ಕೊನೇಸಲ ನೋಡಿದ್ದು ನಿಮ್ಮ ತಂದೆಯವರದ್ದೇ" ಎಂದರು.

ಫೆಬ್ರವರಿಯಲ್ಲಿ ನಿಮ್ಮನ್ನು ನೋಡಲು ಬಂದವಳು ವಾಪಸ್ ಹೊರಡುವಾಗ, ಇಲ್ಲಿ ಒಬ್ಬ ಡಾಕ್ಟರಿಗೆ ತೋರಿಸುತ್ತೇನೆ ಎಂದು ನಿಮ್ಮ ಎದೆಯ ಎಕ್ಸ್‌ರೇ ತಂದಿದ್ದೆನಲ್ಲ. ಅದನ್ನು ಸೂಟ್‌ಕೇಸಿಗೆ ಹಾಕಲಿಲ್ಲ. ಮಡಚಿಹೋಗುತ್ತದೆಂದು ಮೈಸೂರಿನಿಂದ ನ್ಯೂವಾರ್ಕ್ ಏರ್‌ಪೋರ್ಟಿನವರೆಗೂ ತೊಡೆಯ ಮೇಲಿಟ್ಟುಕೊಂಡೇ ಬಂದೆ. ನಸೀಮಾ ಆಂಟಿ ಅದನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ನೋಡಿ, ಮತ್ತೆ ಕಂದು ಕವರಿಗೆ ಹಾಕಿ ಟೀಗೆ ನೀರಿಟ್ಟರು. ಏಪ್ರಿಲ್ ಆದಮೇಲೆ ಆ ಕಂದು ಕವರನ್ನು ಬೀರುವಿನಲ್ಲಿ ಚಳಿಗಾಲದ ಕೋಟುಗಳ ಹಿಂದೆ ನಿಲ್ಲಿಸಿದ್ದೆ. ಬಿಚ್ಚಿರಲಿಲ್ಲ.

ಬುಧವಾರ ಮಧ್ಯಾಹ್ನ ಬಿಚ್ಚಿದೆ. ಬೆಳಕಿಗೆ ಹಿಡಿದರೆ ನೀವು. ಪಕ್ಕೆಲುಬು, ಭುಜ, ಎಡಗಡೆ ವಾಲಿದ ಹೃದಯ, ಕೆಳಗೆ ನಿಮ್ಮನ್ನು ಕೊಂಡೊಯ್ದ ಆ ಬಿಳಿ ಮೋಡ. ಕತ್ತರಿ ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. ಅಪ್ಪನ ಎದೆಗೆ ಕತ್ತರಿ ಹಾಕುವ ಮಗಳು ಇನ್ನೆಲ್ಲಾದರೂ ಇದ್ದಾಳೆಯೇ? ಆಮೇಲೆ, ಮಗಳ ಮುರಿದ ಕೈಯನ್ನು ಡಬ್ಬಕ್ಕೆ ಬಿಗಿದ ಅಪ್ಪ ಇದ್ದರಲ್ಲ ಎನ್ನಿಸಿತು. ಡಬ್ಬವನ್ನು ಬೋರಲು ಹಾಕಿ ಗೆರೆ ಎಳೆದು, ಅಂಚು ಬಿಟ್ಟು, ಪಕ್ಕೆಲುಬಿನ ಹೊರಗಡೆಯಿಂದಲೇ ದುಂಡಗೆ ಕತ್ತರಿಸಿದೆ. ನಿಮ್ಮ ಹೆಸರು, ವಯಸ್ಸು ಇದ್ದ ಮೂಲೆ ಉಳಿಯಿತು. ಅದು ನನ್ನ ಪರ್ಸಿನಲ್ಲಿದೆ. ಅಂಚನ್ನು ಅಲ್ಲಲ್ಲಿ ಸೀಳಿ ಮಡಚಿ, ತಗಡಿನ ಪಟ್ಟಿ ಸುತ್ತಿ ಸ್ಕ್ರೂ ಬಿಗಿದೆ. ಚಕ್ರ ತಿರುಗಿಸಿದೆ.

ಡಬ, ಡಬ, ಡಬ, ಡಬ.

ಅದೇ ಸದ್ದು ಅಣ್ಣಾ. ಅದೇ. ಪಕ್ಕದ ಮನೆಯ ನಾಯಿ ಬೊಗಳಿತು. ಮೇಲಿನ ಕೋಣೆಯ ಬಾಗಿಲು ತೆರೆಯಿತು, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಇಂಚರ ಬಂದು ಗ್ಯಾರೇಜಿನ ಹೊಸ್ತಿಲಲ್ಲಿ ನಿಂತಳು. ಮುಖದಲ್ಲಿ ಸಿಟ್ಟು ಹಾಗೇ ಇತ್ತು, ಕಾಲು ಮಾತ್ರ ಒಂದೊಂದೇ ಹೆಜ್ಜೆ ಮುಂದೆ ಬಂತು. ಡೋಲಿನ ಮೇಲೆ ಬಗ್ಗಿ ನೋಡಿದಳು.

"ಈಸ್ ದಟ್ ಎ ರಿಬ್‌ಕೇಜ್?"

"ತಾತಂದು."

ಅಂಗೈಯನ್ನು ಅದರ ಮೇಲಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಮೂರು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು. "ನೀನು ತಾತಂಗೆ ಹೇಳ್ಬೇಕು. ಫಾರ್ ರಿಯಲ್. ಗಾಡಿ ಕಳ್ದೋಯ್ತು ಅಂತ."

"ಹೇಗೆ ಹೇಳ್ಲಿ ಪುಟ್ಟಿ?"

"ಐ ಡೋಂಟ್ ನೋ. ನೀನೇ ನೋಡು."

ನಿಜ ಹೇಳುತ್ತೇನೆ, ಅವಳಿಗೆ ಆ ಮಾತನ್ನು ನಾನು ಕಲಿಸಿಲ್ಲ. ಮೈಸೂರಿನ ಆ ಒಂದು ತಿಂಗಳಲ್ಲಿ ನೀವು ಅವಳಿಗೂ ಅಂಟಿಸಿಯೇ ಕಳಿಸಿದ್ದೀರಿ. ನನ್ನ ಹಣೆಬರಹ ನೋಡಿ, ಹಿಂದಿನವರಿಂದಲೂ ಇದೇ, ಮುಂದಿನವಳಿಂದಲೂ ಇದೇ.

ಶುಕ್ರವಾರ ಸ್ಕೂಲಿನ ಮೆರವಣಿಗೆಯ ಹೊತ್ತಿಗೆ ಸರಿಯಾಗಿ ಜಿಟಿಜಿಟಿ ಮಳೆ. ರಟ್ಟು ನೆನೆದು ಬಣ್ಣ ಇಳಿಯಿತು, ಕೆಂಪು ಹಳದಿ ಸೇರಿ ಇಂಚರಳ ಮೊಣಕೈಯವರೆಗೂ ಮೆತ್ತಿಕೊಂಡಿತು. ಕಾಗದದ ಕಿರೀಟಗಳು, ಬಟ್ಟೆಯ ರೆಕ್ಕೆಗಳು ಎಲ್ಲ ಜೋತುಬಿದ್ದವು. ನಿಮ್ಮ ಎದೆ ಜೋತುಬೀಳಲಿಲ್ಲ. ಇಡೀ ಆಟದ ಮೈದಾನ ಸುತ್ತಿ ಬರುವವರೆಗೂ ಡಬಡಬ ಎನ್ನುತ್ತಲೇ ಇತ್ತು. ಮಕ್ಕಳೆಲ್ಲ ಗಾಡಿಯ ಮುಂದೆ ಕಟ್ಟಿದ್ದ ಹಗ್ಗ ಹಿಡಿದು ಎಳೆಯಲು ಸಾಲು ನಿಂತರು. ವಾಟ್ ಆರ್ ಯೂ ಎಂದು ಅವಳ ಟೀಚರ್ ಕೇಳಿದಾಗ ಇಂಚರ ಕೊಟ್ಟ ಉತ್ತರವನ್ನು ನೀವು ಕೇಳಬೇಕಿತ್ತು. "ಮೈ ತಾತ ಮೇಡ್ ಮಿ" ಎಂದಳು. ಮಾಡಿದ್ದು ನಾನು! ಮೂರು ವಾರ ಬೆರಳು ಜಜ್ಜಿಕೊಂಡವಳು ನಾನು! ತಿದ್ದಲು ಬಾಯಿ ತೆರೆದವಳು, ಜಾರುತ್ತಿದ್ದ ಅವಳ ಹೆಗಲಪಟ್ಟಿಯನ್ನು ಸರಿಮಾಡಿ ಬಿಟ್ಟೆ. ಹರೀಶ ಆಫೀಸಿಗೆ ರಜೆ ಹಾಕಿ ಬಂದಿದ್ದ. ಅವನ ಕಣ್ಣು ಒದ್ದೆಯಾಗಿದ್ದು ಮಳೆಯಿಂದ ಎಂದು ಅವನೇ ಹೇಳಿದ.

ಈಗ ನಿಮಗೆ ಎಲ್ಲ ತಿಳಿಸಿದ ಹಾಗಾಯಿತು. ನಿಮ್ಮ ಗಾಡಿಯನ್ನು ಕುರ್ಚಿಯ ಮೇಲೆ ಬಿಟ್ಟು ಬಂದವಳು ನಾನೇ. ಮೂರು ವರ್ಷ ಪ್ರತಿ ಭಾನುವಾರ ಸುಳ್ಳು ಹೇಳಿದವಳೂ ನಾನೇ. ಕ್ಷಮಿಸಿ ಅಣ್ಣಾ. ಅದನ್ನು ಎತ್ತಿಕೊಂಡ ಮಗು ಎಲ್ಲಾದರೂ ಎಳೆಯುತ್ತಿರಬಹುದು, ನನ್ನ ಮುರಿದ ಕೈ ಅಲ್ಲಿ ಸದ್ದು ಮಾಡುತ್ತಿರಬಹುದು. ಹಾಗೆಂದುಕೊಂಡರೆ ಸ್ವಲ್ಪ ನಿದ್ದೆ ಬರುತ್ತದೆ.

ನೀವು ಕೇಳುತ್ತಿದ್ದ ಪ್ರಶ್ನೆಗೆ ಮೊದಲ ಸಲ ನಿಜವಾದ ಉತ್ತರ ಕೊಡುತ್ತೇನೆ. ಗಾಡಿ ಓಡುತ್ತಿದೆ. ಈಗಲೂ, ನಾನು ಇದನ್ನು ಬರೆಯುತ್ತಿರುವಾಗಲೇ, ಇಂಚರ ಡ್ರೈವ್‌ವೇಯಲ್ಲಿ ಓಡಿಸುತ್ತಿದ್ದಾಳೆ. ಎಡಗಡೆಯ ಕೋಲು ಮಾತ್ರ ಒಂದು ಚೂರು ತಡವಾಗಿ ಬೀಳುತ್ತಿದೆ. ಕಿಟಕಿಯಿಂದಲೇ ಕೇಳಿಸುತ್ತದೆ. ಯಾಕೆಂದು ನಿಮಗೆ ಗೊತ್ತು, ನೀವು ಹೇಳುವುದಿಲ್ಲ.

ಇರಲಿ. ನಾನೇ ನೋಡುತ್ತೇನೆ.

ನಿಮ್ಮ ಸುಮಾ